ಹೆಸರು ಸಿರಾಮಿಕ್, ಖಾತೆ ಕಲ್ಲಿನದು!

ಉದ್ಯಮಬಾಗದ ಕಡೆ ದಿನಾ ಬಸ್ಸಿನಲ್ಲಿ ಹಾಯ್ದು ಹೋಗುವವರು ಒಂದು ದಿನ ಇಳಿದು, ಯಾವುದಾದರೂ ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನೊಳಗೆ ಇಣುಕಿ ನೋಡಬೇಕು. ಭಟ್ಟಿಯ ಹೊಟ್ಟೆಯಲ್ಲಿ ಒಂಬೈನೂರು ಡಿಗ್ರಿ ಕಾವು. ಹೊರಗೆ ತಗಡಿನಿಂದ ಮಾರು ದೂರದಲ್ಲಿ ಕೆಲಸಗಾರ ಆರಾಮ ನಿಂತು ಚಹಾ ಕುಡಿಯುತ್ತಿರುತ್ತಾನೆ. ಬೆಂಕಿಗೂ ಅವನಿಗೂ ನಡುವೆ ಇರುವುದು ಗೇಣುದ್ದದ ಒಂದು ಬಿಳಿ ಹೊದಿಕೆ. ನೋಡಿದರೆ ಗಾದಿಗೆ ತುಂಬುವ ಅರಳೆಯ ಹಾಗೆ ಮೆತ್ತಗೆ!

ಬಜಾರಿನಲ್ಲಿ ಅದರ ಹೆಸರು ಸಿರಾಮಿಕ್ ಬ್ಲ್ಯಾಂಕೆಟ್. ಕೆಲವರು ಸಿರಾಮಿಕ್ ಊಲ್ ಅಂತಾರೆ. ನಮ್ಮ ದೇಶದಲ್ಲೂ ತಯಾರಾಗುತ್ತದೆ, ಹೊರಗಿನಿಂದಲೂ ಬರುತ್ತದೆ. ಹೊರಗಿನಿಂದ ಬಂದ ಸುರುಳಿಗೆ ಬಂದರಿನಲ್ಲಿ ಕಸ್ಟಮ್ಸ್‌ನವರು ಕೇಳುವ ಮೊದಲ ಪ್ರಶ್ನೆ ಬೆಲೆ ಎಷ್ಟು ಅನ್ನುವುದಷ್ಟೇ ಅಲ್ಲ. ‘ಇದು ಯಾವ ನಂಬರಿನ ಮಾಲು?’

“ಹೆಸರಾಗೇ ಐತೆಲ್ರೀ, ಸಿರಾಮಿಕ್! ಸಿರಾಮಿಕ್ ಖಾತೆಗೆ ಹಾಕ್ರಿ” ಅಂದವರು ಅಲ್ಲೇ ಸಿಕ್ಕಿಬಿದ್ದರು ಅಂತ ತಿಳಿಯಿರಿ.

ಒಂದೇ ವಾಡೆ, ಮೂರು ಕೋಣೆ

ಜಗತ್ತಿನ ಅಷ್ಟೂ ಸರಕಿಗೆ ನಂಬರು ಕೊಡುವ ಒಂದು ಪಟ್ಟಿ ಇದೆ. ಹಾರ್ಮನೈಸ್ಡ್ ಸಿಸ್ಟಂ ಅಂತ ಅದರ ಹೆಸರು. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 1988ರಲ್ಲಿ. ನಮ್ಮವರು ಎರಡು ವರ್ಷ ಮುಂಚೆಯೇ, 1986ರಲ್ಲಿ, 1975ರ ಕಸ್ಟಮ್ಸ್ ಟಾರಿಫ್ ಕಾಯ್ದೆಯ ಪಟ್ಟಿಯನ್ನು ಇದಕ್ಕೆ ಹೊಂದಿಸಿಕೊಂಡರು. ಅಂಗಡಿಕಾರರು ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಯುವ ಎಚ್‌ಎಸ್‌ಎನ್ ಕೋಡ್ ಇದೆಯಲ್ಲ, ಅದೂ ಇದೇ ಬಳ್ಳಿಯ ಕಾಯಿ.

ಈ ಪಟ್ಟಿಯಲ್ಲಿ 68, 69, 70 ಅಂತ ಮೂರು ಅಧ್ಯಾಯ ಅಕ್ಕಪಕ್ಕದಲ್ಲಿವೆ. ಒಂದೇ ವಾಡೆಯ ಮೂರು ಕೋಣೆ ಇದ್ದ ಹಾಗೆ. 68ರಲ್ಲಿ ಕಲ್ಲು, ಸಿಮೆಂಟು, ಕಲ್ನಾರು, ಅಭ್ರಕದ ಸಾಮಾನು. 69ರಲ್ಲಿ ಸಿರಾಮಿಕ್, ಅಂದರೆ ಇಟ್ಟಿಗೆ, ಹಂಚು, ಕಪ್ಪು-ಬಸಿ, ಭಟ್ಟಿಯ ಫೈರ್ ಬ್ರಿಕ್. 70ರಲ್ಲಿ ಗಾಜು.

ನಮ್ಮ ಬಿಳಿ ಸುರುಳಿಯ ಹೆಸರು 69ರ ಬಾಗಿಲ ಮೇಲೆ ಬರೆದಿದೆ. ಅದು ಮಲಗುವುದು ಮಾತ್ರ 68ರ ಕೋಣೆಯಲ್ಲಿ! ಕೆಲವೊಮ್ಮೆ 70ರಲ್ಲಿ. ಯಾಕೆ?

ಕುಂಬಾರನ ಗಡಿಗೆ, ಜಾತ್ರೆಯ ಮಿಠಾಯಿ

ಖಾನಾಪುರದ ಕುಂಬಾರರ ಕೆಲಸ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಕುಂಬಾರ ಹಸಿ ಮಣ್ಣನ್ನು ಮೊದಲು ಗಡಿಗೆ ಮಾಡುತ್ತಾನೆ, ಆಮೇಲೆ ಆವಿಗೆಯಲ್ಲಿಟ್ಟು ಸುಡುತ್ತಾನೆ. ಮೊದಲು ಆಕಾರ, ಆಮೇಲೆ ಬೆಂಕಿ. 69ನೇ ಅಧ್ಯಾಯದ ಮೊದಲ ಟಿಪ್ಪಣಿಯೂ ಇದನ್ನೇ ಹೇಳುತ್ತದೆ. ಆಕಾರ ಕೊಟ್ಟ ನಂತರ ಸುಟ್ಟದ್ದಷ್ಟೇ ಸಿರಾಮಿಕ್.

ಇನ್ನು ಬ್ಲ್ಯಾಂಕೆಟ್ ತಯಾರಾಗುವ ರೀತಿ ಕೇಳಿ. ಅಲ್ಯೂಮಿನಾ ಮತ್ತು ಸಿಲಿಕಾವನ್ನು ಬೆರೆಸಿ ನೀರಿನ ಹಾಗೆ ಕರಗಿಸುತ್ತಾರೆ. ಅಲ್ಯೂಮಿನಾ ಅಂದರೆ ನಮ್ಮೂರಿನ ಹಿಂಡಾಲ್ಕೊ ಕಾರ್ಖಾನೆಯಲ್ಲಿ ತಯಾರಾಗುವ ಅದೇ ಬಿಳಿ ಪುಡಿ. ಆ ಕರಗಿದ ರಸಕ್ಕೆ ರಭಸದ ಗಾಳಿ ಊದುತ್ತಾರೆ, ಇಲ್ಲವೆ ಗರಗರ ತಿರುಗುವ ಚಕ್ರದ ಮೇಲೆ ಸುರಿಯುತ್ತಾರೆ. ರಸ ಎಳೆ ಎಳೆಯಾಗಿ ಹಾರಿ ಅರಳೆಯಾಗುತ್ತದೆ. ಜಾತ್ರೆಯಲ್ಲಿ ಸಕ್ಕರೆ ಕರಗಿಸಿ, ತಿರುಗಿಸಿ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ಮಾಡುವುದಿಲ್ಲವೇ? ಅದೇ ವಿದ್ಯೆ!

ಇಲ್ಲಿ ಮೊದಲು ಬೆಂಕಿ, ಆಮೇಲೆ ಆಕಾರ. ಕುಂಬಾರನ ಲೆಕ್ಕ ಇಲ್ಲಿ ಉಲ್ಟಾ. ಹಾಗಾಗಿ ಇದು 69ರ ಸಿರಾಮಿಕ್ ಅಲ್ಲ. ಪಟ್ಟಿಯ ಜೊತೆ ಬ್ರಸೆಲ್ಸ್‌ನವರು ಹೊರಡಿಸುವ ವಿವರಣೆಯ ಗ್ರಂಥದಲ್ಲಿ ಸಂಶಯಕ್ಕೇ ಎಡೆಯಿಲ್ಲದಂತೆ ಬರೆದಿದ್ದಾರೆ: ಅಲ್ಯೂಮಿನಿಯಂ ಸಿಲಿಕೇಟ್ ಎಳೆ, ಅಂದರೆ ಜನ ಸಿರಾಮಿಕ್ ಫೈಬರ್ ಅನ್ನುವ ಮಾಲು, 6806ಕ್ಕೆ ಸೇರುತ್ತದೆ. ಲೋಹದ ಕಿಟ್ಟದ ಉಣ್ಣೆ, ಕಲ್ಲಿನ ಉಣ್ಣೆ ಇರುವ ಸಾಲು ಅದು.

ಅದೇ ಅಲ್ಯೂಮಿನಾ, ಅದೇ ಸಿಲಿಕಾ ಇಟ್ಟಿಗೆಯಾಗಿ ಅಚ್ಚಾಗಿ, ಗೂಡಿನಲ್ಲಿ ಸುಟ್ಟು ಬಂದರೆ? ಆಗ ಅದು 6902, ಭಟ್ಟಿಯ ಫೈರ್ ಬ್ರಿಕ್. ಹಾಲು ಒಂದೇ, ಆದರೂ ನಮ್ಮ ಕುಂದಾ ಬೇರೆ, ಧಾರವಾಡದ ಪೇಢಾ ಬೇರೆ. ಕುಂದಾ ಕೊಟ್ಟು ಪೇಢಾ ಅಂತ ಬಿಲ್ ಬರೆದರೆ ಗಿರಾಕಿ ಸುಮ್ಮನಿದ್ದಾನೆಯೇ?

ನೂರಕ್ಕೆ ಅರವತ್ತಾದರೆ ಗಾಜು!

ಕಥೆ ಇಲ್ಲಿಗೇ ಮುಗಿದಿದ್ದರೆ ಯಾರಿಗೂ ತಲೆನೋವಿರಲಿಲ್ಲ. ಮೂರನೆಯ ಕೋಣೆ ಇದೆಯಲ್ಲ, ಗಾಜಿನದು!

70ನೇ ಅಧ್ಯಾಯದ ಒಂದು ಟಿಪ್ಪಣಿ ಹೀಗಿದೆ. ಖನಿಜದ ಉಣ್ಣೆಯಲ್ಲಿ ತೂಕದ ಲೆಕ್ಕದಲ್ಲಿ ಶೇ. 60 ಅಥವಾ ಅದಕ್ಕಿಂತ ಹೆಚ್ಚು ಸಿಲಿಕಾ ಇದ್ದರೆ ಅದು ಗಾಜಿನ ಉಣ್ಣೆ. 60ಕ್ಕಿಂತ ಕಡಿಮೆ ಇದ್ದರೂ ಸೋಡಾ ಅಥವಾ ಪೊಟ್ಯಾಶ್ ಜಾತಿಯ ಕ್ಷಾರದ ಆಕ್ಸೈಡ್ ಶೇ. 5 ಮೀರಿದರೆ, ಇಲ್ಲವೆ ಬೋರಿಕ್ ಆಕ್ಸೈಡ್ ಶೇ. 2 ಮೀರಿದರೆ ಆಗಲೂ ಗಾಜಿನ ಉಣ್ಣೆಯೇ. ಅದರ ನಂಬರು 7019. ಈ ಅಳತೆಗೆ ಬಾರದ್ದು 6806ಕ್ಕೆ ವಾಪಸ್.

ಹಳೇ ನಮೂನೆಯ ಸಿರಾಮಿಕ್ ಬ್ಲ್ಯಾಂಕೆಟ್‌ನಲ್ಲಿ ಸಾಮಾನ್ಯವಾಗಿ ಅಲ್ಯೂಮಿನಾ, ಸಿಲಿಕಾ ಹೆಚ್ಚು ಕಡಿಮೆ ಅರ್ಧರ್ಧ. ಹಾಗಾಗಿ 6806ಕ್ಕೆ ತೊಡಕಿಲ್ಲ. ಆದರೆ ಈ ಹಳೇ ಮಾಲಿನ ಮೇಲೆ ಒಂದು ದೂರು ಬಂತು. ಅದರ ಸಣ್ಣ ಎಳೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಬೇಗ ಕರಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಕೈಗೆ ಮೂಗಿಗೆ ರಕ್ಷಣೆ ಇಲ್ಲದೆ ಈ ಹೊದಿಕೆ ಕೀಳುವ ಹುಡುಗರು, ಅವರ ಮಾಲೀಕರು ಇದನ್ನು ಗಮನಿಸಬೇಕು.

ಅದಕ್ಕೆ ಪರ್ಯಾಯವಾಗಿ ದೇಹದಲ್ಲಿ ಬೇಗ ಕರಗುವ ಹೊಸ ನಮೂನೆ ಬಂದಿದೆ. ಇದರಲ್ಲಿ ಸಿಲಿಕಾದ ಜೊತೆ ಅಲ್ಯೂಮಿನಾದ ಬದಲು ಸುಣ್ಣ, ಮೆಗ್ನೀಷಿಯಾ ಜಾತಿಯ ಆಕ್ಸೈಡುಗಳು. ಬಣ್ಣ ಅದೇ ಬಿಳಿ, ಸುರುಳಿಯೂ ಅದೇ ಅಳತೆ. ಆದರೆ ಸಿಲಿಕಾ ಹಲವು ಸಲ ಅರವತ್ತನ್ನು ದಾಟಿರುತ್ತದೆ. ದಾಟಿತೋ, ಟಿಪ್ಪಣಿಯ ಪ್ರಕಾರ ಗಾಜು!

ಅಂದರೆ ಆರೋಗ್ಯದ ಮೇಲಿನ ಕಾಳಜಿಯಿಂದ ಒಳ್ಳೇ ಮಾಲು ತರಿಸಿದ ಮಾಲೀಕ, ಹಳೇ ಬಿಲ್ಲು ನೋಡಿ ಹಳೇ ನಂಬರನ್ನೇ ಬರೆದರೆ ತಪ್ಪು ಖಾತೆ. ಕಣ್ಣಿಗೆ ಕಾಣದ, ಕೈಗೆ ತಿಳಿಯದ ವ್ಯತ್ಯಾಸ ಇದು. ಹೇಳಬೇಕಾದದ್ದು ಲ್ಯಾಬೋರೇಟರಿಯ ಕಾಗದ.

ಒಣಗಿಸಿದ್ದು ಸುಟ್ಟದ್ದಲ್ಲ

ಬ್ಲ್ಯಾಂಕೆಟ್ ಬಿಟ್ಟು ಗಟ್ಟಿ ಬೋರ್ಡೂ ಬರುತ್ತದೆ. ಎಳೆಯನ್ನು ನೀರಿನಲ್ಲಿ ಕಲಸಿ, ಅಂಟು ಹಾಕಿ, ಹಲಗೆ ಮಾಡಿ ಕಾಯಿಸಿ ಒಣಗಿಸುತ್ತಾರೆ. “ಇದಕ್ಕ ಆಕಾರಾನೂ ಐತಿ, ಕಾವೂ ಕೊಟ್ಟಾರ. ಇದು ಸಿರಾಮಿಕ್ ಹೌದಲ್ರೀ?” ಅಂತ ಕೇಳುವವರಿದ್ದರು.

2022ರ ಜನವರಿಯಿಂದ ಜಾರಿಗೆ ಬಂದ ಹೊಸ ಪಟ್ಟಿ ಈ ಬಾಗಿಲಿಗೂ ಅಗಳಿ ಹಾಕಿತು. ನೀರು ಆರಿಸಲೆಂದೋ ಅಂಟು ಗಟ್ಟಿಯಾಗಲೆಂದೋ 800 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಕಾವು ಕೊಟ್ಟದ್ದನ್ನು ಸುಟ್ಟದ್ದು ಅನ್ನುವ ಹಾಗಿಲ್ಲ. ಹಪ್ಪಳ ಬಿಸಿಲಿಗೆ ಒಣಗಿದ ಮಾತ್ರಕ್ಕೆ ಕರಿದ ಹಪ್ಪಳ ಆಗುತ್ತದೆಯೇ?

ನಂಬರು ತಪ್ಪಿದರೆ ಎಷ್ಟು ಬೀಳುತ್ತದೆ?

ನಂಬರು 68 ಆದರೇನು 70 ಆದರೇನು ಅನ್ನಬೇಡಿ. ಸುಂಕದ ದರ ನಂಬರಿಗೆ ಅಂಟಿಕೊಂಡಿರುತ್ತದೆ. ಬೇರೆ ದೇಶದ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದದ ರಿಯಾಯಿತಿಯೂ ನಂಬರಿನ ಬೆನ್ನಿಗೇ ಬರುತ್ತದೆ. ದರ ಬಜೆಟ್ಟಿಗೊಮ್ಮೆ ಬದಲಾಗಬಹುದು. ಆದ್ದರಿಂದ ಇಲ್ಲಿ ಒಂದು ಊಹೆಯ ಲೆಕ್ಕ ಹಾಕೋಣ.

ಒಬ್ಬ ಸಣ್ಣ ಮಾಲೀಕ 10 ಲಕ್ಷ ರೂಪಾಯಿಯ ಮಾಲು ತರಿಸಿದ ಅಂತ ಇಟ್ಟುಕೊಳ್ಳಿ. ಎರಡು ನಂಬರುಗಳ ನಡುವೆ ಮೂಲ ಸುಂಕದಲ್ಲಿ ಬರೀ ಶೇ. 2.5 ವ್ಯತ್ಯಾಸ. ಅದೇ 25,000 ರೂಪಾಯಿ. ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್‌ಚಾರ್ಜ್, 2,500. ಎರಡರ ಮೇಲೆ ಶೇ. 18ರ ಐಜಿಎಸ್‌ಟಿ, 4,950. ಒಟ್ಟು 32,450 ರೂಪಾಯಿ. ಇಂಥ ಆರು ಸರಕು ಬಂದಿದ್ದರೆ 1,94,700!

ಇದು ಬಂದರಿನಲ್ಲೇ ಗೊತ್ತಾದರೆ ಬೆಲೆಗೆ ಸೇರಿಸಿಕೊಳ್ಳಬಹುದು. ಗೊತ್ತಾಗುವುದು ತಡವಾಗಿ. 2011ರಿಂದ ಆಮದುದಾರನೇ ಬಿಲ್ ಆಫ್ ಎಂಟ್ರಿಯಲ್ಲಿ ನಂಬರು ಬರೆದು ತನ್ನ ಸುಂಕ ತಾನೇ ಲೆಕ್ಕ ಹಾಕುವ ಪದ್ಧತಿ. ಮಾಲು ಬಿಡುಗಡೆ ಆಗಿಬಿಡುತ್ತದೆ. ಆಮೇಲೆ ಕಡಿಮೆ ಬಿದ್ದ ಸುಂಕಕ್ಕೆ ಎರಡು ವರ್ಷದ ತನಕ ಇಲಾಖೆ ನೋಟಿಸ್ ಕೊಡಬಹುದು. ಮೋಸ, ಬೇಕೆಂದೇ ಸುಳ್ಳು, ಮುಚ್ಚಿಟ್ಟದ್ದು ಅಂತ ಆರೋಪವಿದ್ದರೆ ಐದು ವರ್ಷ. ಬಡ್ಡಿ ವರ್ಷಕ್ಕೆ ಶೇ. 15. ಮೋಸ ಸಾಬೀತಾದರೆ ಸುಂಕ-ಬಡ್ಡಿಯಷ್ಟೇ ದಂಡ ಬೇರೆ.

ಅಷ್ಟರಲ್ಲಿ ಬ್ಲ್ಯಾಂಕೆಟ್ ಭಟ್ಟಿಯಲ್ಲಿ ಬೆಂದು ಹಳತಾಗಿರುತ್ತದೆ. ಕಾಸ್ಟಿಂಗ್ ಗಿರಾಕಿಗೆ ಹೋಗಿ, ದುಡ್ಡು ಬಂದು, ಖರ್ಚೂ ಆಗಿರುತ್ತದೆ. “ಹೋದ ವರ್ಷದ ಮಾಲಿಗೆ ಇನ್ನಷ್ಟು ಕೊಡ್ರಿ” ಅಂತ ಗಿರಾಕಿಯ ಮುಂದೆ ಕೈ ಚಾಚಲು ಆಗುತ್ತದೆಯೇ? ದೊಡ್ಡ ಕಾರ್ಖಾನೆಗೆ ಇದು ಫೈಲಿನ ಮಾತು. ಹತ್ತು ಜನ ಕೆಲಸಗಾರರ ಶೆಡ್ಡಿಗೆ ದೀಪಾವಳಿ ಬೋನಸ್ಸಿನ ಮಾತು.

ಕೋರ್ಟು ಏನು ಹೇಳಿದೆ?

ಸಣ್ಣವರ ಪರವಾಗಿ ಏನೂ ಇಲ್ಲವೆಂದಲ್ಲ. ಮಾಲು ತಾನು ಹೇಳಿದ ಖಾತೆಗೇ ಸೇರುತ್ತದೆ ಅಂತ ತೋರಿಸುವ ಹೊಣೆ ತೆರಿಗೆ ಇಲಾಖೆಯದು ಎಂದು ಸುಪ್ರೀಂ ಕೋರ್ಟ್ ಹಿಂದೂಸ್ತಾನ್ ಫೆರೋಡೊ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಅದಕ್ಕೂ ಮೊದಲು, 1975ರ ಡನ್ಲಪ್ ಇಂಡಿಯಾ ಪ್ರಕರಣದಲ್ಲಿ, ವ್ಯಾಪಾರಸ್ಥರು ಒಂದು ವಸ್ತುವನ್ನು ಏನೆಂದು ತಿಳಿಯುತ್ತಾರೋ ಅದಕ್ಕೆ ಬೆಲೆ ಕೊಡಬೇಕು ಅಂದಿತು. ಟಾರಿಫಿನ ಸಾಲಿನಲ್ಲೇ ಬಳಕೆಯ ಮಾತು ಇಲ್ಲದಿದ್ದರೆ, ಮಾಲನ್ನು ಯಾವುದಕ್ಕೆ ಬಳಸುತ್ತೀರಿ ಅನ್ನುವುದು ಮುಖ್ಯವಲ್ಲ ಅಂತಲೂ ಹೇಳಿತು.

ಹಾಗಾದರೆ ಬಜಾರಿನ ಮಾತೇ ನಡೆಯಬೇಕಲ್ಲ? ಇಲ್ಲ. ಟಾರಿಫ್ ಪುಸ್ತಕವೇ ‘ಇಂಥದ್ದಕ್ಕೆ ಮಾತ್ರ ಸಿರಾಮಿಕ್ ಅನ್ನಬೇಕು, ಇಷ್ಟು ಸಿಲಿಕಾ ಇದ್ದರೆ ಗಾಜು ಅನ್ನಬೇಕು’ ಎಂದು ಗೆರೆ ಎಳೆದಿರುವಾಗ ಬಜಾರಿನ ಹೆಸರು ಆ ಗೆರೆ ದಾಟಲಾರದು. ಪುಸ್ತಕ ಸುಮ್ಮನಿದ್ದಲ್ಲಿ ಮಾತ್ರ ಬಜಾರು ಮಾತಾಡಬೇಕು.

ಮೊದಲೇ ಕೇಳುವ ದಾರಿ

ಮಾಲು ತರಿಸುವ ಮೊದಲೇ ‘ಇದಕ್ಕೆ ಯಾವ ನಂಬರು?’ ಎಂದು ಕೇಳಿ ಉತ್ತರ ಪಡೆಯುವ ವ್ಯವಸ್ಥೆ ಕಾಯ್ದೆಯಲ್ಲಿದೆ. ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರ ಎಂದು ಹೆಸರು. 2021ರಿಂದ ದಿಲ್ಲಿ, ಮುಂಬಯಿಗಳಲ್ಲಿ ಕೆಲಸ ಮಾಡುತ್ತಿದೆ. ಅರ್ಜಿ ಶುಲ್ಕ 10,000 ರೂಪಾಯಿ. ಮೂರು ತಿಂಗಳೊಳಗೆ ತೀರ್ಪು ಕೊಡಬೇಕು ಅನ್ನುತ್ತದೆ ಕಾಯ್ದೆ. ಕಾನೂನಾಗಲಿ ಸಂಗತಿಯಾಗಲಿ ಬದಲಾಗದಿದ್ದರೆ ಆ ತೀರ್ಪು ಕೆಲವು ವರ್ಷ ನಡೆಯುತ್ತದೆ. ಆದರೆ ಕೇಳಿದವನಿಗೆ ಮಾತ್ರ. ಪಕ್ಕದ ಶೆಡ್ಡಿನವರ ತೀರ್ಪು ನಿಮ್ಮ ಕೊಡೆ ಆಗುವುದಿಲ್ಲ.

ಹತ್ತು ಸಾವಿರ ದೊಡ್ಡದೇ. ಆದರೆ ಮೇಲಿನ 1,94,700ರ ಪಕ್ಕ ಇಟ್ಟು ನೋಡಿ.

ಅದೂ ಬೇಡವೆಂದರೆ ಕಾಸು ಖರ್ಚಿಲ್ಲದ ಕೆಲಸ ಒಂದಿದೆ. ಮಾರುವವನಿಂದ ಮೂರು ಸಂಗತಿ ಬರೆಸಿಕೊಳ್ಳಿ. ಸಿಲಿಕಾ, ಕ್ಷಾರ, ಬೋರಿಕ್ ಆಕ್ಸೈಡ್ ತೂಕದಲ್ಲಿ ಶೇಕಡಾ ಎಷ್ಟು? ಕರಗಿಸಿ ಎಳೆ ಮಾಡಿದ್ದೋ, ಅಚ್ಚು ಹಾಕಿ ಸುಟ್ಟದ್ದೋ? ಕಾವು ಕೊಟ್ಟಿದ್ದರೆ ಎಷ್ಟು ಡಿಗ್ರಿ? ಈ ಕಾಗದವನ್ನು ಕ್ಲಿಯರಿಂಗ್ ಏಜೆಂಟರ ಕೈಗೆ ಕೊಟ್ಟು, ಬಿಲ್ ಆಫ್ ಎಂಟ್ರಿಯಲ್ಲಿ ಬರೀ ‘ಸಿರಾಮಿಕ್ ಸಾಮಾನು’ ಅನ್ನದೆ ಪೂರ್ತಿ ವಿವರ ಬರೆಸಿ. ಎಲ್ಲವನ್ನೂ ಬಿಚ್ಚಿ ಹೇಳಿದವನ ಮೇಲೆ ಮುಚ್ಚಿಟ್ಟ ಆರೋಪ ನಿಲ್ಲಿಸುವುದು ಕಷ್ಟ. ಐದು ವರ್ಷದ ಕತ್ತಿ ಎರಡಕ್ಕೆ ಇಳಿಯುತ್ತದೆ. ಮೋಸವಿಲ್ಲದ ಪ್ರಕರಣದಲ್ಲಿ ನೋಟಿಸಿಗೆ ಮುಂಚೆಯೇ ತಾನಾಗಿ ಸುಂಕ, ಬಡ್ಡಿ ಕಟ್ಟಿದರೆ ದಂಡವೂ ಇಲ್ಲ.

ಆಮದಿನ ಗೊಡವೆಯೇ ಇಲ್ಲದ ಅಂಗಡಿಕಾರರೂ ಒಮ್ಮೆ ತಮ್ಮ ಬಿಲ್ ಪುಸ್ತಕ ತೆರೆಯಲಿ. ವರ್ಷಕ್ಕೆ 5 ಕೋಟಿ ರೂಪಾಯಿ ವಹಿವಾಟು ದಾಟಿದವರು ಆರು ಅಂಕಿ ಬರೆಯಬೇಕು. ಅದರೊಳಗಿನವರು ನೋಂದಾಯಿತ ವ್ಯಾಪಾರಿಗೆ ಮಾರುವಾಗ ನಾಲ್ಕು ಅಂಕಿ. ಆ ನಾಲ್ಕು ಅಂಕಿಯನ್ನು ಸಗಟು ವ್ಯಾಪಾರಿಯ ಬಿಲ್ ನೋಡಿ ಹಾಗೇ ಇಳಿಸಿಕೊಂಡವರೇ ಹೆಚ್ಚು. ಮಾಲು ಯಾವುದರಿಂದ ಆಗಿದೆ, ಹೇಗೆ ಆಗಿದೆ ಅಂತ ಕೇಳಿದವರು ಎಷ್ಟು ಮಂದಿ? ಹೆಸರು ಇಡುವವನು ಮಾರುವವನು. ನಂಬರಿಗೆ ಉತ್ತರ ಕೊಡಬೇಕಾದವರು ಮಾತ್ರ ಬಿಲ್ಲಿನ ಕೆಳಗೆ ಸಹಿ ಹಾಕಿದವರು.