ಆನೆಯ ಕೊರಳಿಗೆ ಎರಡನೆಯ ಪಟ್ಟಿ

ಹಾಸನ ಜಿಲ್ಲೆಯ ಆಲೂರು, ಬೇಲೂರು, ಸಕಲೇಶಪುರ ಸೀಮೆಯ ಕಾಫಿತೋಟಗಳಲ್ಲಿ ಬೆಳಗಿನ ಕೆಲಸಕ್ಕೆ ಹೊರಡುವವರು ಮೊದಲು ವಿಚಾರಿಸುವ ಸಂಗತಿಯೆಂದರೆ ಕಾಡಾನೆಗಳು ಈ ದಿನ ಯಾರ ತೋಟದಲ್ಲಿ ಬೀಡುಬಿಟ್ಟಿವೆ ಎಂಬುದು. ಆ ಪ್ರಶ್ನೆಗೆ ಉತ್ತರ ದೊರೆಯುತ್ತಿರುವುದಾದರೋ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಕಾಲ್ನಡೆಯಲ್ಲಿ ಹೆಜ್ಜೆ ಲದ್ದಿಗಳ ಜಾಡು ಹಿಡಿದು ನಡೆಸುವ ಹುಡುಕಾಟದಿಂದ, ಮತ್ತು ಕೆಲವು ಹೆಣ್ಣಾನೆಗಳ ಕೊರಳಿಗೆ ತೊಡಿಸಿರುವ ರೇಡಿಯೋ ಕಾಲರ್ ಎಂಬ ಪಟ್ಟಿಯಿಂದ. ಬೀಟಮ್ಮ, ಭುವನೇಶ್ವರಿ ಎಂಬ ಹೆಸರುಗಳಿಂದ ಆ ಕಡೆಯವರು ಗುರುತಿಸುವ ಹಿಂಡುಗಳು ಹಳ್ಳ ದಾಟಿದುವೆ, ರಸ್ತೆಯ ಈಚೆಗೆ ಬಂದುವೆ ಎಂಬ ವರ್ತಮಾನವು ಮೊಬೈಲಿನ ಸಂದೇಶವಾಗಿ ತೋಟಗಳನ್ನು ತಲುಪುತ್ತದೆ. ಹಿಂಡನ್ನು ನಡೆಸುವವಳು ಹಿರಿಯ ಹೆಣ್ಣಾನೆಯಾದ್ದರಿಂದ ಒಂದು ಕೊರಳಿನ ಗುರುತು ಸಿಕ್ಕಿದರೆ ಇಡೀ ಹಿಂಡಿನ ಚಲನವಲನ ಸಿಕ್ಕಂತೆಯೇ. ಒಂಟಿ ಸಲಗದ ವಿಷಯದಲ್ಲಿ ಈ ಸೌಕರ್ಯವಿಲ್ಲ, ಅದಕ್ಕೆ ಅದರದೇ ಪಟ್ಟಿ ಬೇಕು.

ಆನೆಗೆ ಮೊದಲ ಬಾರಿ ಪಟ್ಟಿ ತೊಡಿಸಿದ ದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ವೈದ್ಯರಿಗೂ ಮಾವುತರಿಗೂ ಯಥೋಚಿತವಾದ ಪ್ರಶಂಸೆ ಸಲ್ಲುತ್ತದೆ. ಆದರೆ ಅರುವತ್ತು ಎಪ್ಪತ್ತು ವರ್ಷ ಬದುಕಬಲ್ಲ ಪ್ರಾಣಿಯ ಕೊರಳಿನಲ್ಲಿರುವ ಆ ಯಂತ್ರದ ಆಯುಸ್ಸು ಕೆಲವೇ ವರ್ಷಗಳದ್ದೆಂಬುದನ್ನೂ, ಅದು ಮುಗಿಯುವುದಕ್ಕೆ ಮೊದಲೇ ಯಾರೋ ಮತ್ತೆ ಆ ಪ್ರಾಣಿಯ ಬಳಿಗೆ ಹೋಗಿ ಹಳೆಯದನ್ನು ಕಳಚಿ ಹೊಸದನ್ನು ಕಟ್ಟಬೇಕಾಗಿದೆಯೆಂಬುದನ್ನೂ ನೆನೆಯುವವರು ವಿರಳ. ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆಯುವುದು ಎರಡನೆಯ ಪಟ್ಟಿಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿದ್ಯೆ ತೀರ ಹೊಸದಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಅರಣ್ಯದಲ್ಲಿ ಕ್ರೇಗ್‌ಹೆಡ್ ಸಹೋದರರು ಕರಡಿಗಳ ಕೊರಳಿಗೆ ರೇಡಿಯೋ ಪ್ರೇಷಕಗಳನ್ನು ಕಟ್ಟಿ ಹಾದಿ ತೋರಿದರು; ನಮ್ಮಲ್ಲಿ 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ಉಲ್ಲಾಸ ಕಾರಂತರೂ, ಸರಿಸುಮಾರು ಅದೇ ಕಾಲದಲ್ಲಿ ಮುದುಮಲೆಯ ಆನೆಗಳಿಗೆ ಬೆಳಗಾವಿಯ ಅಜಯ್ ದೇಸಾಯಿಯವರೂ ಇದನ್ನು ಪ್ರಯೋಗಿಸಿದರು. ಅಂದು ಆಂಟೆನಾವನ್ನು ಕೈಯಲ್ಲಿ ಹಿಡಿದು ಗುಡ್ಡದಿಂದ ಗುಡ್ಡಕ್ಕೆ ಅಲೆದು, ಸದ್ದು ಗಟ್ಟಿಯಾಗಿ ಕೇಳುವ ದಿಕ್ಕುಗಳನ್ನು ನಕ್ಷೆಯ ಮೇಲೆ ಗೆರೆಯೆಳೆದು, ಗೆರೆಗಳು ಕೂಡುವೆಡೆಯಲ್ಲಿ ಪ್ರಾಣಿಯಿದೆಯೆಂದು ಊಹಿಸಬೇಕಾಗಿತ್ತು. ಇಂದು ಇಪ್ಪತ್ತು ಸಾವಿರ ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತದಿಂದ ಪಟ್ಟಿಯು ತನ್ನ ಸ್ಥಾನವನ್ನು ತಾನೇ ಗಣಿಸಿಕೊಂಡು, ಮೊಬೈಲ್ ಗೋಪುರದ ಮೂಲಕವೋ ಬೇರೊಂದು ಉಪಗ್ರಹದ ಮೂಲಕವೋ ತಿಳಿಸುತ್ತದೆ. ಗೋಪುರದ ಸಿಗ್ನಲ್ ಇಲ್ಲದ ಕಣಿವೆಗೆ ಆನೆ ಇಳಿದರೆ ಲೆಕ್ಕವನ್ನೆಲ್ಲ ಒಳಗೇ ಕೂಡಿಟ್ಟುಕೊಂಡು, ಮೇಲೇರಿದಾಗ ಒಟ್ಟಿಗೆ ಒಪ್ಪಿಸುತ್ತದೆ. ಹಳೆಯ ರೇಡಿಯೋ ಸದ್ದನ್ನೂ ಬಿಟ್ಟಿಲ್ಲ. ಬಿದ್ದುಹೋದ ಪಟ್ಟಿಯನ್ನು ಪೊದೆಯಲ್ಲಿ ಹುಡುಕುವುದಕ್ಕೆ ಅದೇ ಆಧಾರ.

ಪಟ್ಟಿಯನ್ನು ಸಮೀಪದಿಂದ ನೋಡಿದರೆ ಅದರ ರಚನೆಯಲ್ಲಿ ಅಲಂಕಾರಕ್ಕೆ ಎಡೆಯೇ ಇಲ್ಲ. ಕಾರ್ಖಾನೆಗಳಲ್ಲಿ ಯಂತ್ರಗಳನ್ನು ತಿರುಗಿಸುವ ಪದರುಪದರಾದ ದಪ್ಪ ಬೆಲ್ಟಿನಂಥದೇ ಒಂದು ಬೆಲ್ಟು. ಆಕಾಶಕ್ಕೆ ಮುಖಮಾಡಿ ಬೆನ್ನುಗತ್ತಿನ ಮೇಲೆ ಕೂರಬೇಕಾದ ಆಂಟೆನಾದ ಪೆಟ್ಟಿಗೆ. ಅದು ಜಾರಿ ಪಕ್ಕಕ್ಕೆ ತಿರುಗದಂತೆ ಕೆಳಗೆ, ಗಂಟಲ ಬಳಿ ತೂಗುವ ಭಾರ. ಎರಡು ತುದಿಗಳನ್ನು ಲೋಹದ ತಗಡುಗಳ ನಡುವೆ ಸೇರಿಸಿ ಬಿಗಿಯುವ ಬೋಲ್ಟು ನಟ್ಟುಗಳು. ನೀರು ಹೊಗದಂತೆ ಪೆಟ್ಟಿಗೆಯ ಒಳಭಾಗವನ್ನು ರಾಳದಂಥ ಅಂಟಿನಿಂದ ತುಂಬಿರುತ್ತಾರೆ. ಇಷ್ಟನ್ನೂ ಹೊತ್ತ ಆನೆಯು ಪ್ರತಿದಿನ ಕೆಸರಿನಲ್ಲಿ ಹೊರಳುತ್ತದೆ, ಮರದ ಬೊಡ್ಡೆಗೆ ಮೈಯುಜ್ಜುತ್ತದೆ, ಕೆರೆಯಲ್ಲಿ ಮುಳುಗುತ್ತದೆ. ಹಿಂಡಿನ ಬೇರೆ ಆನೆಗಳು ಕುತೂಹಲದಿಂದ ಸೊಂಡಿಲು ಚಾಚಿ ಎಳೆಯುವುದೂ ಉಂಟು. ಹೆಣ್ಣಾನೆಯ ಕತ್ತಿನ ಅಳತೆ ಪ್ರೌಢಾವಸ್ಥೆಯ ಮೇಲೆ ಹೆಚ್ಚು ಬದಲಾಗದು, ಆದರೆ ಗಂಡಾನೆಯು ಮೂವತ್ತರ ವಯಸ್ಸು ಕಳೆದರೂ ಬೆಳೆಯುತ್ತಲೇ ಇರುತ್ತದೆ. ಇಂದು ಅಂಗೈ ತೂರುವಷ್ಟು ಸಡಿಲವಾಗಿ ಕಟ್ಟಿದ್ದು ಕೆಲವು ವರ್ಷಗಳಲ್ಲಿ ಬಿಗಿದು ಚರ್ಮವನ್ನು ಕೊರೆಯಬಹುದು. ತೀರ ಸಡಿಲ ಬಿಟ್ಟರೆ ಕಿವಿಗಳನ್ನು ದಾಟಿ ತಲೆಯಿಂದಲೇ ಕಳಚಿಬಿದ್ದೀತು. ಕಟ್ಟುವವನ ಅಂಗೈಯ ಅಂದಾಜೇ ಇಲ್ಲಿ ಶಾಸ್ತ್ರ.

ಎಲ್ಲಕ್ಕಿಂತ ಮಿಗಿಲಾದ ಚಿಂತೆ ಬ್ಯಾಟರಿಯದು. ದಿನಕ್ಕೆ ನಾಲ್ಕು ಸಲ ಸ್ಥಾನ ತಿಳಿಸೆಂದರೆ ಹಲವು ವರ್ಷ ಬಾಳುವ ಬ್ಯಾಟರಿಯು, ಅರ್ಧ ಗಂಟೆಗೊಮ್ಮೆ ತಿಳಿಸೆಂದರೆ ಬಹು ಬೇಗ ಬರಿದಾಗುತ್ತದೆ. ಸಂಶೋಧಕನಿಗೆ ದೀರ್ಘಾಯುಸ್ಸು ಬೇಕು, ಆನೆ ಮನೆಯಂಗಳಕ್ಕೆ ಬರುವ ಊರಿನವನಿಗೆ ಈ ಕ್ಷಣದ ಸುದ್ದಿ ಬೇಕು, ಎರಡನ್ನೂ ಒಂದೇ ಪೆಟ್ಟಿಗೆ ಕೊಡಲಾರದು. ಅರ್ಧ ಗಂಟೆಯ ಸುದ್ದಿಯನ್ನೇ ಆರಿಸಿಕೊಳ್ಳಬೇಕೆಂದು ನಾನೂ ಹೇಳುವೆನು, ಏಕೆಂದರೆ ತೋಟದ ದಾರಿಯಲ್ಲಿ ನಡೆಯುವ ಕೂಲಿಯವಳ ಪ್ರಾಣ ಅದರ ಮೇಲೆ ನಿಂತಿದೆ. ಆದರೆ ಹಾಗೆ ಆರಿಸಿಕೊಂಡ ದಿನವೇ ಮುಂದಿನ ಪಟ್ಟಿಯ ಹಣವನ್ನೂ ತಿಂಗಳನ್ನೂ ಗೊತ್ತುಮಾಡತಕ್ಕದ್ದು. ಬ್ಯಾಟರಿಯ ಬಲ ಕುಗ್ಗುತ್ತಿರುವುದನ್ನು ಪಟ್ಟಿಯೇ ಸಂದೇಶಗಳಲ್ಲಿ ಸೂಚಿಸುತ್ತದೆ. ಆ ಸೂಚನೆ ಬಂದ ಮೇಲೆ ತಡಮಾಡಿ ಯಂತ್ರ ಮೌನವಾಯಿತೆಂದರೆ, ಆನೆಯನ್ನು ಹುಡುಕುವ ಸಾಧನವೂ ಅದರೊಡನೆ ಹೋಯಿತು, ನಿರುಪಯುಕ್ತವಾದ ಭಾರ ಮಾತ್ರ ಆ ಮೂಕಜೀವಿಯ ಕೊರಳಿನಲ್ಲಿ ಉಳಿಯಿತು.

ಬದಲಾವಣೆಯ ದಿನದ ಕೆಲಸ ನಸುಕಿನಲ್ಲೇ ಆರಂಭವಾಗಬೇಕು, ಬಿಸಿಲೇರಿದರೆ ಅರವಳಿಕೆಯಲ್ಲಿರುವ ಆನೆಯ ಮೈ ಕಾದು ಅಪಾಯವಾಗುತ್ತದೆ. ದುಬಾರೆ, ಮತ್ತಿಗೋಡು ಮೊದಲಾದ ಶಿಬಿರಗಳಿಂದ ಬಂದ ಸಾಕಾನೆಗಳು, ಅವುಗಳ ಮಾವುತರು, ಕಾವಾಡಿಗಳು ಹಿಂಡನ್ನು ಚದುರಿಸಿ ಬೇಕಾದ ಆನೆಯನ್ನು ಬೇರ್ಪಡಿಸುತ್ತಾರೆ. ಕೆರೆ, ಹಳ್ಳ, ಕಡಿದಾದ ಇಳಿಜಾರುಗಳಿಂದ ದೂರವಿದ್ದರೆ ಮಾತ್ರ ವೈದ್ಯರು ಕ್ಸೈಲಜೀನ್, ಕೆಟಮೀನ್‌ಗಳಂಥ ಮದ್ದು ತುಂಬಿದ ಡಾರ್ಟನ್ನು ಹಾರಿಸುತ್ತಾರೆ. ಮದ್ದಿಗೆ ಮಣಿದ ಆನೆ ನಿಂತೇ ತೂಕಡಿಸಿದರೆ ಪುಣ್ಯ. ಎದೆಯ ಮೇಲೆ ಕುಸಿದರೆ ತನ್ನ ಭಾರಕ್ಕೆ ತಾನೇ ಉಸಿರಾಡಲಾರದಾದ್ದರಿಂದ ಸಾಕಾನೆಗಳು ಹಗ್ಗ ಹಾಕಿ ಕೂಡಲೇ ಪಕ್ಕಕ್ಕೆ ಹೊರಳಿಸಬೇಕು. ಒಬ್ಬನು ಸೊಂಡಿಲಿನ ತುದಿ ಮಡಿಚಿಕೊಳ್ಳದಂತೆ ನೋಡಿಕೊಂಡು ಉಸಿರನ್ನು ಎಣಿಸುತ್ತಿರುವನು, ಇನ್ನೊಬ್ಬನು ಕಿವಿಗಳ ಮೇಲೆ ನೀರು ಸುರಿಯುತ್ತಿರುವನು, ಮೂರನೆಯವನು ತುಕ್ಕುಹಿಡಿದು ಮಣ್ಣಿನಲ್ಲಿ ಮೆತ್ತಿಕೊಂಡ ನಟ್ಟಿನೊಡನೆ ಹೆಣಗುತ್ತಿರುವನು. ಮಿಸುಕದ ನಟ್ಟಿಗಾಗಿ ಕಾಯುವಂತಿಲ್ಲ, ಬೆಲ್ಟನ್ನೇ ಕೊಯ್ದು ತೆಗೆಯಬೇಕು. ಪಟ್ಟಿಯ ಅಡಿಯ ಚರ್ಮದಲ್ಲಿ ಹುಣ್ಣಿದೆಯೆ ಎಂದು ಪರೀಕ್ಷಿಸಿ, ಔಷಧಿ ಸವರಿ, ಹೊಸ ಪಟ್ಟಿ ಬಿಗಿದು, ಅದರಿಂದ ಸಂಕೇತ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡ ಬಳಿಕವೇ ಮದ್ದಿಳಿಸುವ ಚುಚ್ಚುಮದ್ದು. ಅನಂತರ ಎಲ್ಲರೂ ದೂರ ಸರಿಯಲೇಬೇಕು.

ಕಾಡಾನೆಯ ಮೈಮುಟ್ಟುವ ಇಂಥ ಕಾರ್ಯಾಚರಣೆಗಳಿಗೆ ನಾಡು ತೆತ್ತಿರುವ ಬೆಲೆ ಸಾಮಾನ್ಯವಾದುದಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಸಲಗವೊಂದರ ಚಿಕಿತ್ಸೆಗೆಂದು ಅರವಳಿಕೆಯ ಮದ್ದು ಹಾರಿಸಲು ಹೋದ ನುರಿತ ಸಿಬ್ಬಂದಿಯೊಬ್ಬರು ಅದರ ದಾಳಿಗೆ ಬಲಿಯಾದರು. ಅದೇ ವರ್ಷದ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಮೈಸೂರು ದಸರೆಯ ಅಂಬಾರಿಯನ್ನು ಎಂಟು ಬಾರಿ ಹೊತ್ತಿದ್ದ ಅರ್ಜುನನು ಕಾಡಾನೆಯೊಡನೆ ಹೋರಾಡಿ ಪ್ರಾಣಬಿಟ್ಟನು. ಒಂದು ಬ್ಯಾಟರಿ ಒಂದು ವರ್ಷ ಹೆಚ್ಚು ಬಾಳಿದರೆ, ಇಂಥ ಒಂದು ಬೆಳಗಿನ ಗಂಡಾಂತರವನ್ನು ಮನುಷ್ಯರೂ ಸಾಕಾನೆಗಳೂ ಕಾಡಾನೆಯೂ ಒಂದು ವರ್ಷ ಮುಂದಕ್ಕೆ ಹಾಕಿದಂತಾಗುತ್ತದೆ.

ಬಹುಕಾಲ ಈ ಪಟ್ಟಿಗಳು ವಿದೇಶಗಳಿಂದಲೇ ಬರಬೇಕಾಗಿತ್ತು. ಒಂದು ಕೆಟ್ಟರೆ ಇನ್ನೊಂದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. 2025ರಲ್ಲಿ ಕರ್ನಾಟಕ ಅರಣ್ಯ ಇಲಾಖೆಯು ಬೆಂಗಳೂರಿನ ಸಂಸ್ಥೆಯೊಂದರ ನೆರವಿನಿಂದ ಸ್ವದೇಶೀ ಪಟ್ಟಿಯನ್ನು ಹೊರತಂದಿತು; ಇಲಾಖೆ ಪ್ರಕಟಿಸಿದ ಲೆಕ್ಕದಂತೆ ಇದರ ಬೆಲೆ ಸುಮಾರು 1.8 ಲಕ್ಷ ರೂಪಾಯಿ, ವಿದೇಶೀ ಪಟ್ಟಿಯದು ಸುಮಾರು 6.5 ಲಕ್ಷ; ತೂಕವೂ ಅರ್ಧಕ್ಕಿಂತ ಕಡಮೆ. 2023ರ ಗಣತಿಯಲ್ಲಿ 6,395 ಆನೆಗಳನ್ನು ಕಂಡ ರಾಜ್ಯಕ್ಕೆ ಇದು ಸಣ್ಣ ಸಂಗತಿಯಲ್ಲ. ಬೆಲೆಗಿಂತಲೂ ದೊಡ್ಡ ಲಾಭ ದುರಸ್ತಿಯಲ್ಲಿದೆ. ಕಳಚಿದ ಪಟ್ಟಿಯ ಬೆಲ್ಟು ಎಲ್ಲಿ ಸವೆದಿದೆ, ನೀರು ಯಾವ ಸಂದಿಯಿಂದ ಹೊಕ್ಕಿತು, ಆಂಟೆನಾದ ತಂತಿ ಎಲ್ಲಿ ತುಂಡಾಯಿತು ಎಂಬುದನ್ನು ತಯಾರಿಸಿದವರೇ ಒಂದು ದಿನದ ದಾರಿಯಲ್ಲಿ ಬಂದು ನೋಡಿ, ಮುಂದಿನದನ್ನು ತಿದ್ದಬಹುದು. ಪೆಟ್ಟಿಗೆ ಕೆಡದಿದ್ದರೆ ಬ್ಯಾಟರಿಯನ್ನೂ ಬೆಲ್ಟನ್ನೂ ಬದಲಿಸಿ, ಕೆಲವು ದಿನ ಬಯಲಿನಲ್ಲಿಟ್ಟು ಪರೀಕ್ಷಿಸಿ, ವಲಯ ಕಚೇರಿಯಲ್ಲಿ ಮೀಸಲಾಗಿ ಇರಿಸಬಹುದು. ಆನೆಯಿರುವ ಪ್ರತಿಯೊಂದು ವಲಯದಲ್ಲಿಯೂ ಇಂಥ ಒಂದು ಮೀಸಲು ಪಟ್ಟಿ, ಅದಕ್ಕೆ ಹೊಂದುವ ಹೊಸ ಬೋಲ್ಟು ನಟ್ಟುಗಳು, ಬೆಲ್ಟು ಕೊಯ್ಯುವ ಹರಿತವಾದ ಸಾಧನ ಮತ್ತು ಯಾವ ಆನೆಯ ಪಟ್ಟಿ ಯಾವ ತಿಂಗಳಿಗೆ ಬದಲಾಗಬೇಕೆಂಬ ದಾಖಲೆ ಪುಸ್ತಕ, ಇವಿಷ್ಟು ಸದಾ ಸಿದ್ಧವಾಗಿರಬೇಕು.