ಜಿ ಸ್ವರದಲ್ಲಿ ಗುಂಯ್‌ಗುಡುವ ಕರೆಂಟು

ಸಂಜೆ ನಾಲ್ಕೂವರೆ. ಎಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ಶಾಮಿಯಾನದವರು ಇನ್ನೂ ಹಗ್ಗ ಬಿಗಿಯುತ್ತಿದ್ದಾರೆ. ವೇದಿಕೆಯ ಹಲಗೆಗಳ ಮೇಲೆ ಹಸಿರು ಕಾರ್ಪೆಟ್ಟು ಹಾಸಿದೆ, ಕಾಲಿಟ್ಟ ಕಡೆಯೆಲ್ಲ ಒಂದು ಮಡಿಕೆ ಏಳುತ್ತದೆ. ನಮ್ಮ ಡ್ರಮ್ಮರ್ ಎಲ್ಲಿಂದಲೋ ಎರಡು ಇಟ್ಟಿಗೆ ತಂದು, ಕಿಕ್ ಡ್ರಮ್ ಜಾರದಂತೆ ಅದರ ಮುಂದೆ ಆನಿಸಿಟ್ಟ. ಹಾಡುವವನು ಯಥಾಪ್ರಕಾರ ಇನ್ನೂ ದಾರಿಯಲ್ಲಿದ್ದಾನೆ. ನಾನು ಬೇಸ್ ಗಿಟಾರಿಗೆ ಕೇಬಲ್ ಸಿಕ್ಕಿಸಿ ಆಂಪ್ ಹಾಕಿದೆ. ತಂತಿಯನ್ನು ಮುಟ್ಟುವ ಮೊದಲೇ ಸ್ವರ ಹೊರಟಿತು: ಗುಂಯ್ಯ್...

ಈ ಗುಂಯ್‌ಗುಡುವಿಕೆಯ ಬಗ್ಗೆ ನನಗೊಂದು ವಿಚಿತ್ರ ಪ್ರೀತಿ ಇದೆ. ನಮ್ಮ ದೇಶದ ಕರೆಂಟಿನ ಕಂಪನ ಸೆಕೆಂಡಿಗೆ 50. ಬೇಸಿನ ದಪ್ಪ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಬರುವ ಜಿ ಸ್ವರದ ಕಂಪನ 49. ಅಂದರೆ ಕೆಟ್ಟ ವೈರಿಂಗಿನ ವೇದಿಕೆಗಳೆಲ್ಲ ಇಲ್ಲಿ ಜಿ ಸ್ವರವನ್ನೇ, ಕೊಂಚ ಏರಿಸಿ, ಹಾಡುತ್ತಿರುತ್ತವೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಅದು ಎರಡು ಸ್ವರಗಳ ನಟ್ಟನಡುವೆ ಬಿದ್ದು ಯಾವ ಶ್ರುತಿಗೂ ಕೂರುವುದಿಲ್ಲ. ಈ ಒಂದು ವಿಷಯದಲ್ಲಾದರೂ ನಮ್ಮ ವಿದ್ಯುತ್ತಿಗೆ ಸಂಗೀತಜ್ಞಾನ ಜಾಸ್ತಿ.

“ಅಣ್ಣ, ಅರ್ಥಿಂಗ್ ಕೊಟ್ಟಿದೀರಾ?” ಎಂದು ಕೇಳಿದೆ.

“ಕೊಟ್ಟಿದೀವಿ ಸಾರ್, ಬೇಕಿದ್ರೆ ಬಂದು ನೋಡಿ.”

ನೋಡಿದೆ. ಜನರೇಟರ್ ಗಾಡಿಯ ಪಕ್ಕ, ಕಾದು ಬಿರುಕು ಬಿಟ್ಟ ನೆಲದಲ್ಲಿ ಗೇಣುದ್ದದ ಕಬ್ಬಿಣದ ಸರಳು. ಅದಕ್ಕೆ ಹಸಿರು ವೈರು ಸುತ್ತಿದ್ದಾರೆ. ಸುತ್ತಿದ ಜಾಗದಲ್ಲಿ ತುಕ್ಕು, ತುಕ್ಕಿನ ಮೇಲೆ ಹಳೆಯ ಟೇಪು. ಕೈ ಹಾಕಿದರೆ ಸರಳು ಅಲ್ಲಾಡಿತು. ಪುಣ್ಯಕ್ಕೆ ಆ ಹುಡುಗ ವಾದಕ್ಕೆ ನಿಲ್ಲಲಿಲ್ಲ. ಸುತ್ತಿಗೆ ತಂದು ಸರಳನ್ನು ಆಳಕ್ಕೆ ಹೊಡೆದ, ತುಕ್ಕು ಕೆರೆದು ವೈರನ್ನು ಹೊಸದಾಗಿ ಬಿಗಿದ, ಕ್ಯಾಂಟೀನಿನಿಂದ ಉಪ್ಪು ತಂದು ಸುರಿದು, ಮೇಲೆ ಎರಡು ಬಕೆಟ್ ನೀರು ಹೊಯ್ದ. ಗುಂಯ್ ಅರ್ಧಕ್ಕಿಳಿಯಿತು. ಅರ್ಥಿಂಗಿಗಾಗಿ ಹೀಗೆ ಹಟ ಹಿಡಿಯುವುದನ್ನು ಕಲಾವಿದರ ತಲೆಹರಟೆ ಎಂದುಕೊಳ್ಳುವವರಿದ್ದಾರೆ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆಯೇ ಶಾಕ್ ಹೊಡೆದು ಸತ್ತ. ತಂತಿಯ ಮೇಲೆ ಕೈ, ಮೈಕಿಗೆ ತುಟಿ, ನಡುವೆ ಕೆಟ್ಟ ಅರ್ಥಿಂಗ್: ಇಷ್ಟು ಸಾಕು.

ನಾನು ಪ್ರಿಸಿಷನ್ ಬೇಸ್ ಹಿಡಿದಿರುವುದಕ್ಕೂ ಇಂಥ ವೇದಿಕೆಗಳೇ ಕಾರಣ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಮನುಷ್ಯ. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. 1951ರಲ್ಲಿ ಅವನು ಈ ವಾದ್ಯವನ್ನು ಮಾರುಕಟ್ಟೆಗೆ ತಂದ. 1957ರಲ್ಲಿ, ತಂತಿಯ ಕಂಪನವನ್ನು ಹಿಡಿಯುವ ಅದರ ಪಿಕಪ್ಪನ್ನು ಎರಡು ತುಂಡಾಗಿ ಸೀಳಿ, ಒಂದು ತುಂಡು ಹೀರಿಕೊಂಡ ಗದ್ದಲವನ್ನು ಇನ್ನೊಂದು ಹೊಡೆದು ಹಾಕುವಂತೆ ಮಾಡಿದ. ಸೀರಿಯಲ್ ಸೆಟ್ಟು, ಡಿಮ್ಮರ್ ಲೈಟುಗಳ ನಡುವೆ ನಿಂತು ನುಡಿಸುವವನಿಗೆ ಇದರ ಬೆಲೆ ಗೊತ್ತು. ಅವನದೇ ಜಾಝ್ ಬೇಸ್ ನೋಡಲು ಇನ್ನೂ ಚೆಂದ, ಕುತ್ತಿಗೆ ತೆಳು, ಕೈಗೆ ಹಿತ. ಆದರೆ ಅದರ ಎರಡು ಪಿಕಪ್ಪುಗಳಲ್ಲಿ ಒಂದನ್ನು ತಗ್ಗಿಸಿದಿರೋ, ಕರೆಂಟಿನ ಕಛೇರಿ ಶುರು. ಸ್ಟುಡಿಯೋಗೆ ಸರಿ, ಮೈದಾನಕ್ಕೆ ನನಗೆ ಬೇಡ. ಪ್ರಿಸಿಷನ್ನಿನಲ್ಲಿ ಇರುವುದು ಎರಡೇ ನಾಬು, ಬ್ಯಾಟರಿ ಇಲ್ಲ. ಹಾಡಿನ ನಡುವೆ ಸತ್ತುಹೋಗುವ ಬ್ಯಾಟರಿ ವಾದ್ಯದೊಳಗೆ ಯಾಕಿರಬೇಕು ಎಂಬುದು ನನಗೆ ಈವರೆಗೂ ಅರ್ಥವಾಗಿಲ್ಲ.

ತಂತಿಯ ವಿಷಯಕ್ಕೆ ಬಂದರೆ ಬೇಸ್ ವಾದಕರು ಎರಡು ಪಂಗಡ. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಬದಲಿಸಲು ಒಪ್ಪುತ್ತಲೇ ಇರಲಿಲ್ಲ, ಹರಿದರೆ ಮಾತ್ರ ಹೊಸದು. ಬೆವರು, ಜಿಡ್ಡು ಎಲ್ಲ ಸೇರಿಯೇ ನಾದ ಎಂದು ನಂಬಿದವನು. ನುಡಿಸುತ್ತಿದ್ದದ್ದು ಬಲಗೈಯ ಒಂದೇ ಬೆರಳಲ್ಲಿ. ಐರನ್ ಮೇಡನ್ ಬ್ಯಾಂಡ್ ಕಟ್ಟಿದ ಸ್ಟೀವ್ ಹ್ಯಾರಿಸ್ ಇದಕ್ಕೆ ತದ್ವಿರುದ್ಧ: ಪ್ರತಿ ಪ್ರದರ್ಶನಕ್ಕೂ ಹೊಸ ತಂತಿ. ತಮಾಷೆಯೆಂದರೆ ಇಬ್ಬರ ಕೈಯಲ್ಲೂ ಇದ್ದದ್ದು ಪ್ರಿಸಿಷನ್ ಬೇಸೇ, ಇಬ್ಬರದೂ ಮೇಲ್ಮೈ ನುಣುಪಾದ ಫ್ಲಾಟ್‌ವೂಂಡ್ ತಂತಿಯೇ. ಒಬ್ಬನದು ಮರಕ್ಕೆ ಮರ ಬಡಿದ ಹಾಗೆ ಮೆತ್ತಗೆ, ದಪ್ಪಗೆ ಬೀಳುತ್ತದೆ. ಇನ್ನೊಬ್ಬನದು ಫ್ರೆಟ್ಟಿಗೆ ಚಟಚಟ ಬಡಿಯುತ್ತ ಓಡುತ್ತದೆ. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೇಡನ್ ಬಂದಾಗ ಧೂಳಿನಲ್ಲಿ ನಿಂತು ಕೇಳಿದವರಿಗೆ ಆ ಓಟ ನೆನಪಿರುತ್ತದೆ. ಇದೆಲ್ಲ ಗೊತ್ತಿದ್ದೂ ಅಂಗಡಿಯಲ್ಲಿ ನಿಂತು ಮರ ಯಾವುದು, ಆಲ್ಡರೋ ಆ್ಯಶೋ ಎಂದು ತಾಸುಗಟ್ಟಲೆ ಚರ್ಚಿಸುವವರನ್ನು ಕಂಡರೆ ನನಗೆ ನಗು. ಮೊದಲು ಬೆರಳು, ಆಮೇಲೆ ತಂತಿ, ಆಮೇಲೆ ಪಿಕಪ್ಪು. ಮರದ ಸರದಿ ಬರುವಷ್ಟರಲ್ಲಿ ಡ್ರಮ್ಮರ್ ಹೊಡೆಯಲು ಶುರು ಮಾಡಿರುತ್ತಾನೆ.

ಐದು ಗಂಟೆಗೆ ಸೌಂಡ್‌ಚೆಕ್. ಮಿಕ್ಸರ್ ಹಿಂದೆ ಕುಳಿತವನು ಕೈ ಎತ್ತಿದ. ಬೇಸಿಗೆ ಯಾರೂ ಫರ್ಮಾಯಿಶಿ ಕೊಡುವುದಿಲ್ಲವಾದ್ದರಿಂದ ನಾನು ‘ಪಲ್ಲವಿ ಅನುಪಲ್ಲವಿ’ಯ ಒಂದು ಎಳೆ ನುಡಿಸಿದೆ. 1983ರ ಆ ಚಿತ್ರದಲ್ಲಿ ಇಳಯರಾಜ ಬೇಸನ್ನು ಬರೀ ಒತ್ತಾಸೆಗೆ ಇಟ್ಟಿಲ್ಲ. ಅದು ಹಾಡಿನ ಕೆಳಗೆ ತನ್ನದೇ ಇನ್ನೊಂದು ಹಾಡು ಹೇಳುತ್ತ ಹೋಗುತ್ತದೆ. ಕುರ್ಚಿ ಜೋಡಿಸುತ್ತಿದ್ದ ಇಬ್ಬರು ತಲೆ ಎತ್ತಿ ನೋಡಿದರು. ರಾಕ್ ಬ್ಯಾಂಡಿನವರಿಗೆ ಇದು ಬರುತ್ತದೆಂದು ಅವರು ಅಂದುಕೊಂಡಿರಲಿಲ್ಲವೇನೊ.

“ಸಾರ್, ಸ್ಟೇಜ್ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಿ. ಡಿಐ ಬಾಕ್ಸಿಂದ ನನಗೆ ನೀಟಾಗಿ ಬರ್ತಿದೆ.”

ಬೇಸನ್ನು ನೇರ ಮಿಕ್ಸರಿಗೆ ಕೊಡುವ ಈ ಡಬ್ಬದ ವಿಷಯ ನನ್ನ ಹಳೆಯ ಜಗಳ. ಅವನು ಹೇಳುವುದರಲ್ಲಿ ನ್ಯಾಯವಿದೆ. ತೆರೆದ ಇ ತಂತಿಯ ಕಂಪನ ಸೆಕೆಂಡಿಗೆ 41. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ಈ ವೇದಿಕೆಯ ಆಳಕ್ಕಿಂತ ಜಾಸ್ತಿ. ಅದು ಗಿಟಾರಿನ ಸದ್ದಿನಂತೆ ನೆಟ್ಟಗೆ ಹೋಗದೆ ಎಲ್ಲ ಕಡೆ ಹರಡುತ್ತದೆ, ಹಾಡುವವನ ಮೈಕಿಗೆ ನುಗ್ಗುತ್ತದೆ, ಹಲಗೆಯ ಕೆಳಗಿನ ಪೊಳ್ಳಿನಲ್ಲಿ ಗುಡುಗುತ್ತದೆ. ಜೇಮರ್ಸನ್ ಕೂಡ ಮೋಟೌನ್ ಸ್ಟುಡಿಯೋದಲ್ಲಿ ಆಂಪ್ ಬಿಟ್ಟು ನೇರ ಧ್ವನಿಮುದ್ರಣ ಯಂತ್ರಕ್ಕೇ ಕೇಬಲ್ ಕೊಡುತ್ತಿದ್ದ. ಆದರೂ ನಾನು ಒಪ್ಪುವುದಿಲ್ಲ. ರೆಕಾರ್ಡು ಕಿವಿಗೆ, ರಾಕ್ ಕಛೇರಿ ಮೈಗೆ. ಬೆನ್ನ ಹಿಂದೆ ಸ್ಪೀಕರು ಗಾಳಿಯನ್ನು ತಳ್ಳಬೇಕು, ಪ್ಯಾಂಟಿನ ಕಾಲು ಅದುರಬೇಕು. ಆಗಲೇ ಡ್ರಮ್ಮರ್ ಕಿಕ್ ಹೊಡೆಯುವ ಕ್ಷಣಕ್ಕೆ ಬೆರಳು ಸರಿಯಾಗಿ ಬೀಳುವುದು. ಕಿವಿಯೊಳಗಿನ ಇಯರ್‌ಫೋನಿನಲ್ಲಿ ಆ ಸುಖ ಇಲ್ಲ.

ಹಾಗಂತ ಹಳೆಯದನ್ನು ಹೊತ್ತು ತಿರುಗುವ ಹುಚ್ಚೂ ಇಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವಾಟಿನ ವಾಲ್ವ್ ಆಂಪು, ಅದೇ ವರ್ಷ ರೋಲಿಂಗ್ ಸ್ಟೋನ್ಸ್ ಅಮೆರಿಕ ಪ್ರವಾಸಕ್ಕೆ ಒಯ್ದದ್ದು. ಅದರ ನಾದಕ್ಕೆ ಸಾಟಿಯಿಲ್ಲ. ಆದರೆ ಹೆಡ್ ಒಂದೇ ನಲವತ್ತು ಕಿಲೋ ಹತ್ತಿರ, ಎಂಟು ಸ್ಪೀಕರಿನ ಡಬ್ಬ ಅದಕ್ಕಿಂತಲೂ ಭಾರ. ಲಿಫ್ಟಿಲ್ಲದ ಮೂರನೇ ಮಹಡಿಯ ಪಬ್ಬಿಗೆ ಅದನ್ನು ಹೊತ್ತವರ ಸೊಂಟಕ್ಕೆ ನಾದದ ಮೇಲಿನ ಭಕ್ತಿ ಅಲ್ಲಿಗೇ ಮುಗಿಯುತ್ತದೆ. ನನ್ನದೀಗ ಮೂರು ಕಿಲೋ ಕೂಡ ಇಲ್ಲದ ಆಂಪು, ಬೇಸಿನ ಚೀಲದ ಜೇಬಿನಲ್ಲೇ ಬರುತ್ತದೆ. ಮಿಕ್ಸರಿನವನಿಗಾಗಿ ಎರಡು ಗೆರೆ ತಗ್ಗಿಸಿದೆ. ಮೊದಲ ಹಾಡಿನಲ್ಲಿ ಅವನಿಗೆ ಗೊತ್ತಾಗದಂತೆ ಒಂದು ಗೆರೆ ಏರಿಸಿಕೊಂಡೆ. ಎಲ್ಲರೂ ಮಾಡುವುದು ಅದನ್ನೇ.

ಜನ ತುಂಬಿದರು. ಖಾಲಿ ಮೈದಾನದಲ್ಲಿ ಕಿವಿ ಚುಚ್ಚುತ್ತಿದ್ದ ಸಿಂಬಲ್ಲು ಬಟ್ಟೆಬರೆ, ತಲೆಗಳ ನಡುವೆ ಮೆತ್ತಗಾಯಿತು; ಬೇಸ್ ಮಾತ್ರ ಯಾರನ್ನೂ ಕೇಳದೆ ದಾಟಿ ಹಾಸ್ಟೆಲ್ ಕಟ್ಟಡದವರೆಗೂ ಹೋಯಿತಂತೆ. ಮೂರನೇ ಹಾಡಿನ ನಡುವೆ ನನ್ನ ಕೇಬಲ್ ಕೈಕೊಟ್ಟಿತು. ಬೇಸ್ ಇದ್ದಾಗ ಅದನ್ನು ಕೇಳಿಸಿಕೊಳ್ಳದ ಮುಂದಿನ ಸಾಲಿನವರು, ಅದು ನಿಂತ ತಕ್ಷಣ ಕುಣಿಯುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿಟಾರ್ ಜೋರಾಗಿಯೇ ಇತ್ತು, ಆದರೂ ಏನೋ ಹೋಗಿದೆ ಎಂದು ಕಾಲಿಗೆ ತಿಳಿದಿತ್ತು. ಇನ್ನೊಂದು ಕೇಬಲ್ ಸಿಕ್ಕಿಸಿದೆ, ಕಾಲು ಮತ್ತೆ ಎದ್ದವು.

ಮುಗಿದ ಮೇಲೆ ವೈರು ಸುತ್ತುತ್ತಿದ್ದಾಗ ಒಬ್ಬ ಹುಡುಗ ವೇದಿಕೆ ಹತ್ತಿ ಬಂದ. ಬೇಸ್ ಕಲೀಬೇಕು ಸಾರ್, ಯಾವ ಪೆಡಲ್ ತಗೊಳ್ಳಲಿ ಎಂದ. ಪೆಡಲ್ ಬೇಡ, ಟ್ಯೂನರ್ ತಗೊ. ಸೆಕೆಂಡ್‌ಹ್ಯಾಂಡ್ ಬೇಸ್ ಸಾಕು, ಕುತ್ತಿಗೆ ಬಾಗಿದೆಯಾ ಅಂತ ನೋಡಿಸಿಕೊ, ಉಳಿದ ದುಡ್ಡಲ್ಲಿ ಎರಡು ಒಳ್ಳೆ ಕೇಬಲ್ ಕೊಂಡುಕೊ ಎಂದೆ. ಅವನು ಇನ್ನೂ ನಿಂತೇ ಇದ್ದ.

“ಅಮ್ಮ ಕೇಳ್ತಾರೆ ಸಾರ್, ಗಿಟಾರಿಗಿಂತ ಎರಡು ತಂತಿ ಕಮ್ಮಿ ಇದೆ, ದುಡ್ಡು ಯಾಕೆ ಜಾಸ್ತಿ ಅಂತ.”

“ತಂತಿ ಸೆಟ್ಟಿನ ರೇಟು ಅಮ್ಮನಿಗೆ ಇನ್ನೂ ಹೇಳಿಲ್ಲ ತಾನೆ?”

“ಇಲ್ಲ ಸಾರ್.”

“ಹೇಳಬೇಡ. ಜೇಮರ್ಸನ್ ಪಂಗಡಕ್ಕೆ ಸೇರಿಕೊ.”