ಮನೆಯಿಂದಲೇ ಆನ್‌ಲೈನ್ ಕೆಲಸ: ಒಂಟಿ ಪೋಷಕರು ನಂಬಬೇಕಾದದ್ದು ಯಾವುದು, ನಂಬಬಾರದ್ದು ಯಾವುದು?

‘ದಿನಕ್ಕೆ ಎರಡೇ ಗಂಟೆ ಕೆಲಸ, ತಿಂಗಳಿಗೆ 30,000 ರೂಪಾಯಿ, ಮನೆಯಲ್ಲೇ ಇದ್ದು ಮಕ್ಕಳನ್ನೂ ನೋಡಿಕೊಳ್ಳಬಹುದು’ ಎಂಬಂಥ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯಂಥ ಊರಿನಲ್ಲಿ ಒಬ್ಬರೇ ಮಕ್ಕಳನ್ನು ಸಾಕುತ್ತಿರುವವರಿಗೆ ಈ ಮಾತು ಬೇಗ ನಾಟುತ್ತದೆ. ಗದಗಕ್ಕೋ ಹುಬ್ಬಳ್ಳಿಗೋ ದುಡಿಯಲು ಹೋದರೆ ಮಗುವನ್ನು ಯಾರ ಕೈಗೆ ಒಪ್ಪಿಸುವುದು? ವಿಶ್ವಸಂಸ್ಥೆಯ ಮಹಿಳಾ ಘಟಕದ 2019ರ ವರದಿ ಪ್ರಕಾರ ಭಾರತದಲ್ಲಿ ಒಂಟಿ ತಾಯಂದಿರೇ ನಡೆಸುವ ಕುಟುಂಬಗಳು ಸುಮಾರು 1.3 ಕೋಟಿ. ವಂಚಕರು ಗುರಿಯಿಡುವುದೂ ಇಂಥ ಅಗತ್ಯದ ಮೇಲೆಯೇ. ಹಾಗಾಗಿ ಕೆಲಸ ಹುಡುಕುವ ಮೊದಲು ಕೆಲವು ತಪ್ಪು ನಂಬಿಕೆಗಳನ್ನು ಪರಿಶೀಲಿಸೋಣ.

ನಂಬಿಕೆ 1: ಕೆಲಸ ಸಿಗಲು ಮೊದಲು ಹಣ ಕಟ್ಟಬೇಕು

ಸುಳ್ಳು. ಗಜೇಂದ್ರಗಡ ಭಾಗದವರಿಗೆ ನೇಕಾರಿಕೆ ಗೊತ್ತು. ಮನೆಯ ಮಗ್ಗದಲ್ಲಿ ಸೀರೆ ನೇಯಲು ಮಾಲೀಕ ನೂಲು ಕೊಡುತ್ತಾನೆ, ನೇಯ್ದು ಕೊಟ್ಟ ಮೇಲೆ ಕೂಲಿ ಕೊಡುತ್ತಾನೆ. ಹಣ ಬರುವುದು ಕೆಲಸ ಮಾಡಿದವರ ಕಡೆಗೆ. ಆನ್‌ಲೈನ್ ಕೆಲಸಕ್ಕೂ ಇದೇ ನಿಯಮ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಅಲ್ಲಿಗೇ ನಿಲ್ಲಿಸಿ.

‘ಟಾಸ್ಕ್’ ವಂಚನೆ ನಡೆಯುವ ರೀತಿ ಹೀಗೆ: ವಿಡಿಯೊಗಳಿಗೆ ಲೈಕ್ ಒತ್ತಿಸಿ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ‘1,000 ಕಟ್ಟಿದರೆ 1,300 ವಾಪಸ್’ ಎನ್ನುತ್ತಾರೆ. ಮೊತ್ತ ಏರುತ್ತಾ ಹೋಗುತ್ತದೆ. ಆ್ಯಪ್‌ನಲ್ಲಿ ಲಾಭ ಕಾಣಿಸುತ್ತದೆ, ಆದರೆ ತೆಗೆಯಲು ಬರುವುದಿಲ್ಲ. ಹೋದ ಹಣ ಉಳಿಸಿಕೊಳ್ಳಲು ಜನ ಮತ್ತಷ್ಟು ಹಾಕುತ್ತಾರೆ. ಓದಿದವರೂ ಸಿಕ್ಕಿಬೀಳುವುದು ಇಲ್ಲಿಯೇ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ 100ಕ್ಕೂ ಹೆಚ್ಚು ಜಾಲತಾಣಗಳನ್ನು ನಿರ್ಬಂಧಿಸಿತ್ತು.

ನಂಬಿಕೆ 2: ಬ್ಯಾಂಕ್ ಖಾತೆ ಬಳಸಲು ಕೊಟ್ಟರೆ ಕಮಿಷನ್, ಅದರಲ್ಲಿ ತಪ್ಪೇನಿಲ್ಲ

ಅಪಾಯಕಾರಿ. ಬೇರೆಯವರಿಂದ ದೋಚಿದ ಹಣವನ್ನು ಸಾಗಿಸಲು ನಿಮ್ಮ ಖಾತೆ ಬೇಕಾಗಿರುತ್ತದೆ. ಪೊಲೀಸರು ಮೊದಲು ತಲುಪುವುದು ಖಾತೆಯ ಮಾಲೀಕರನ್ನು. ಖಾತೆ ಸ್ಥಗಿತಗೊಂಡರೆ ಗೃಹಲಕ್ಷ್ಮಿಯ 2,000 ರೂಪಾಯಿ, ಪಿಂಚಣಿ ಎಲ್ಲವೂ ಅದರೊಳಗೇ ಸಿಕ್ಕಿಕೊಳ್ಳಬಹುದು. ಇನ್ನೊಂದು ಮಾತು: ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ.

ನಂಬಿಕೆ 3: ಕನ್ನಡ ಮಾತ್ರ ಬಂದರೆ ಆನ್‌ಲೈನ್ ಕೆಲಸವಿಲ್ಲ

ಪೂರ್ತಿ ನಿಜವಲ್ಲ. ಕೃತಕ ಬುದ್ಧಿಮತ್ತೆಯ ಕಂಪನಿಗಳಿಗೆ ಕನ್ನಡದ ಧ್ವನಿ ಮತ್ತು ಪಠ್ಯ ಬೇಕು. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಕರ್ನಾಟಕದ ಹಳ್ಳಿಗಳ ಮಹಿಳೆಯರಿಂದ ಮೊಬೈಲ್‌ನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಹಣ ನೀಡಿದ್ದನ್ನು ‘ಟೈಮ್’ ಪತ್ರಿಕೆ 2023ರಲ್ಲಿ ವರದಿ ಮಾಡಿತ್ತು. ಆದರೆ ಇಂಥ ಕೆಲಸ ವರ್ಷವಿಡೀ ಸಿಗುವುದಿಲ್ಲ. ಇದನ್ನು ಸಂಬಳ ಎಂದುಕೊಳ್ಳದೆ ಹೆಚ್ಚುವರಿ ಆದಾಯ ಎಂದುಕೊಳ್ಳಿ. ಕನ್ನಡ ಟೈಪಿಂಗ್, ಕರಡು ತಿದ್ದುವುದು, ಅನುವಾದ, ಆನ್‌ಲೈನ್ ಪಾಠದಂಥ ಕೌಶಲ ಹೆಚ್ಚು ದಿನ ಕೈಹಿಡಿಯುತ್ತದೆ.

ನಂಬಿಕೆ 4: ಮಗುವನ್ನು ನೋಡಿಕೊಳ್ಳುತ್ತಲೇ ಕೆಲಸ ಮುಗಿಸಬಹುದು

ಅರ್ಧ ನಿಜ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಮಗು ಹತ್ತು ನಿಮಿಷಕ್ಕೊಮ್ಮೆ ಕರೆದರೆ ಕೆಲಸ ನಿಧಾನವಾಗುವುದು ಸೋಮಾರಿತನದಿಂದಲ್ಲ. ಹಾಗಾಗಿ ತಪ್ಪಿದರೆ ಹಣ ಕಡಿತವಾಗುವ ಕೆಲಸವನ್ನು ಮಗು ಶಾಲೆ ಅಥವಾ ಅಂಗನವಾಡಿಯಲ್ಲಿರುವಾಗ ಮಾಡಿ. ಸಂದೇಶಗಳಿಗೆ ಉತ್ತರಿಸುವಂಥದ್ದನ್ನು ಉಳಿದ ಹೊತ್ತಿಗೆ ಇಟ್ಟುಕೊಳ್ಳಿ. ‘ಕೂಸಿನ ಮನೆ’ ಇದೆಯೇ, ನಿಮ್ಮ ಮಗುವಿಗೆ ಅಲ್ಲಿ ಅವಕಾಶವಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಗಂಟೆಗೆ ಎಷ್ಟು ಬಿತ್ತು?

ಉದಾಹರಣೆಗೆ, ಪದಕ್ಕೆ 50 ಪೈಸೆಯಂತೆ 1,000 ಪದಗಳ ಅನುವಾದಕ್ಕೆ 500 ರೂಪಾಯಿ ಬಂತು ಎನ್ನಿ. ಅನುವಾದಕ್ಕೆ 3 ಗಂಟೆ, ತಿದ್ದಲು 1 ಗಂಟೆ, ಕೆಲಸ ಹುಡುಕಿ ಮಾತಾಡಲು 1 ಗಂಟೆ ಹೋಯಿತು. ಡೇಟಾಗೆ 25 ರೂಪಾಯಿ ಕಳೆದರೆ ಉಳಿದದ್ದು 475, ಅಂದರೆ ಗಂಟೆಗೆ 95. ಹೋಲಿಸಲು ಬೇಕಿದ್ದರೆ, 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆದರೆ ನೀವು ಕಾದು ಕೂತ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಣ ಕೈಸೇರಲು ತಿಂಗಳೇ ಹಿಡಿಯಬಹುದು. ಹೀಗೆ ಮೂರು ತಿಂಗಳ ಲೆಕ್ಕ ಬರೆದಿಟ್ಟು ನೋಡುವವರೆಗೆ ಈಗಿರುವ ದುಡಿಮೆ ಬಿಡಬೇಡಿ ಎಂಬುದು ನಮ್ಮ ಸಲಹೆ.

ಹಣ ಹೋಗಿದ್ದರೆ

ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ, ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಮತ್ತು ವಹಿವಾಟಿನ ಸಂಖ್ಯೆ ಇಟ್ಟುಕೊಳ್ಳಿ. ಬ್ಯಾಂಕಿಗೂ ತಿಳಿಸಿ. ‘ಜನ ಏನಂದಾರು’ ಎಂದು ಸುಮ್ಮನಿದ್ದರೆ ಅದರ ಲಾಭ ವಂಚಕನಿಗೇ.

ಒಟ್ಟಿನಲ್ಲಿ, ಮನೆಯಿಂದ ಆನ್‌ಲೈನ್ ದುಡಿಮೆ ಸುಳ್ಳಲ್ಲ, ಸುಲಭದ ದುಡ್ಡು ಎಂಬುದು ಸುಳ್ಳು.